ಹತ್ತು ಬಾಗಿಲು, ಹತ್ತು ವಾರ

ಮಾರ್ಚ್ 3, ಸೋಮವಾರ, ಬೆಳಿಗ್ಗೆ 9.20. ಕೊಳ್ಳೇಗಾಲ ಬಸ್ ನಿಲ್ದಾಣ

ನಮ್ಮ ಪ್ರಯಾಣ ಶುರುವಾದದ್ದು ಇಷ್ಟು ಹೊತ್ತಿಗೆ. ನಾನು, ಅವ್ವ, ನಾಲ್ಕು ಚೀಲ. ಬೆಂಗಳೂರು ಬಸ್ಸಿನ ಕಂಡಕ್ಟರ್ ಚೀಲಗಳನ್ನು ನೋಡಿ, "ಯಾರ್ ಮದ್ವೆಗವ್ವಾ?" ಎಂದರು.

"ಮದ್ವೆ ಆಗೋಗದೆ ಕಣಪ್ಪ. ಈಗ ಮಗಳ ಬಾಣಂತನ" ಎಂದಳು ಅವ್ವ.

"ಯಾವೂರ್ಗೆ?"

"ಪೋಲೆಂಡು."

ಕಂಡಕ್ಟರ್ ಸ್ವಲ್ಪ ಯೋಚಿಸಿ, "ಮಳವಳ್ಳಿ ದಾಟಿದ್ ಮೇಲಾ?" ಎಂದು ಕೇಳಿದರು. ದಾಟಿದ ಮೇಲೆಯೇ ಎಂದೆ. ಸುಳ್ಳಲ್ಲವಲ್ಲ.

ನಾನು ಧನಗೆರೆಯ ಹಾಲಿನ ಡೈರಿಯಲ್ಲಿ ದಿನಕ್ಕೆರಡು ಸಲ ಲೀಟರು, ಜಿಡ್ಡು ಬರೆಯುವವಳು. ತಾರೀಕು ಹಾಕದೆ ಏನನ್ನೂ ಬರೆಯಲು ನನಗೆ ಬಾರದು. ಆದ್ದರಿಂದ ಇದೂ ಹಾಗೆಯೇ ಇರುತ್ತದೆ. ಅಕ್ಕ ಮಂಜುಳ ಪೋಲೆಂಡಿನ ಪೂರ್ವದ ಅಂಚಿನ ಒಂದು ಸಣ್ಣ ಪಟ್ಟಣದಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಹನೂರಿನವರಾದ ಭಾವ ನಾಗೇಂದ್ರ ಅದೇ ಪಟ್ಟಣದಲ್ಲಿ ಬಸ್ಸು ಓಡಿಸುತ್ತಾರೆ. ಫೆಬ್ರವರಿ 25ಕ್ಕೆ ಅಕ್ಕನಿಗೆ ಗಂಡು ಮಗುವಾಯಿತು. ಚೊಚ್ಚಲ ಬಾಣಂತನ ತವರಿನದು. ಅಕ್ಕ ತವರಿಗೆ ಬರುವಂತಿಲ್ಲವಾದ್ದರಿಂದ ತವರೇ ನಾಲ್ಕು ಚೀಲದಲ್ಲಿ ಹೊರಟಿತು. ಅದಕ್ಕೆ ಇಂಗ್ಲಿಷ್ ಓದಿ ಹೇಳಲು ನಾನು.

ಮಾರ್ಚ್ 4, ಮಂಗಳವಾರ. ಪೋಲೆಂಡಿನ ವಿಮಾನ ನಿಲ್ದಾಣ

ಚೀಲದಲ್ಲಿದ್ದದ್ದು ರಾಗಿಹಿಟ್ಟು, ಬೆಳ್ಳುಳ್ಳಿ, ಒಣಶುಂಠಿ, ಮೆಣಸು, ಓಂಕಾಳು, ಹರಳೆಣ್ಣೆ, ಬಜೆ ಬೇರು, ಸಾಂಬ್ರಾಣಿ, ಎರಡು ಶೀಸೆ ತುಪ್ಪ. ಸುಂಕದ ಅಧಿಕಾರಿಣಿ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ರಾಗಿಹಿಟ್ಟಿನ ಬಣ್ಣ ಅವರಿಗೆ ಹಿಡಿಸಲಿಲ್ಲ. ಅವ್ವ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆಯನ್ನು ಆ ಹೆಂಗಸಿನ ಬಾಯಿಯ ಹತ್ತಿರ ಹಿಡಿದಳು. ಅವರು ಎರಡು ಹೆಜ್ಜೆ ಹಿಂದೆ ಸರಿದು, ನಕ್ಕು, ಹಿಟ್ಟನ್ನು ಬಿಟ್ಟರು. ತುಪ್ಪವನ್ನು ಬಿಡಲಿಲ್ಲ. ಹಾಲಿನಿಂದ ಆದದ್ದು ಆ ದೇಶದೊಳಗೆ ಹೋಗಬಾರದಂತೆ.

"ಆಲಿಂದಾದ್ದು ಬ್ಯಾಡ್ವಂತೆ! ಡೈರಿಯವಳ್ನ ಒಳೀಕ್ ಬುಟ್ರಲ್ಲ, ಅದೇ ಪುಣ್ಯ" ಎಂದಳು ಅವ್ವ, ನನ್ನನ್ನು ತೋರಿಸಿ.

ಮಾರ್ಚ್ 6, ಗುರುವಾರ. ಅಕ್ಕನ ಮನೆ, ಮೂರನೇ ಮಹಡಿ

ಐದು ಅಂತಸ್ತಿನ ಹಳೆಯ ಕಟ್ಟಡ. ಅಂತಸ್ತಿಗೆ ಎರಡು ಮನೆ, ಒಟ್ಟು ಹತ್ತು ಬಾಗಿಲು. ಲಿಫ್ಟಿಲ್ಲ. ಅಕ್ಕನ ಮನೆಗೆ ಐವತ್ತನಾಲ್ಕು ಮೆಟ್ಟಿಲು. ನೆಲಮಟ್ಟದಲ್ಲಿ, ಮೆಟ್ಟಿಲಿನ ಪಕ್ಕಕ್ಕೆ ಒಂದು ಚಿಕ್ಕ ಕೋಣೆ ಇದೆ. ಹಿಂದೆ ಕಟ್ಟಡ ಕಾಯುವವನು ಅಲ್ಲಿದ್ದನಂತೆ. ಈಗ ಅದರ ಕಿಟಕಿಗೆ ಹಳದಿ ಪರದೆ ಇತ್ತು, ಯಾರಿದ್ದಾರೆಂದು ಆ ದಿನ ತಿಳಿಯಲಿಲ್ಲ.

ಇಲ್ಲಿನವರಿಗೆ ಎಷ್ಟೊಂದು ನಿಯಮ! ಒಳಗೆ ಬಂದವರಿಗೆಲ್ಲ ಬಟ್ಟೆಯ ಚಪ್ಪಲಿ ಕೊಡುತ್ತಾರೆ. ಹೆಂಗಸರ ಹೆಸರಿನ ಮುಂದೆ 'ಪಾನಿ', ಗಂಡಸರ ಹೆಸರಿನ ಮುಂದೆ 'ಪಾನ್' ಹಚ್ಚದಿದ್ದರೆ ಸಲಿಗೆಯಾಯಿತು. ಹೊಸ್ತಿಲ ಆಚೆ ಒಬ್ಬರು ಈಚೆ ಒಬ್ಬರು ನಿಂತು ಕೈ ಕುಲುಕಬಾರದು. ಇದನ್ನು ಕೇಳಿದ ಮೇಲೆ ಅವ್ವನಿಗೆ ಈ ದೇಶದ ಮೇಲೆ ನಂಬಿಕೆ ಬಂತು. "ಒಸ್ಲು ಅಂದ್ರೆ ಏನು ಅಂತ ಗೊತ್ತಿರೋ ಜನ ಕಣವ್ವ" ಎಂದಳು. ಆ ನಂಬಿಕೆ ಸಂಜೆಯವರೆಗೂ ಉಳಿಯಲಿಲ್ಲ. ಎಳೆ ಮಕ್ಕಳನ್ನು ಗಾಡಿಯಲ್ಲಿ ಮಲಗಿಸಿ, ಕೊರೆಯುವ ಚಳಿಯಲ್ಲಿ ತಿರುಗಿಸುವುದನ್ನು ಕಿಟಕಿಯಿಂದ ನೋಡಿಬಿಟ್ಟಳು. ಮಗುವಿಗೆ ಚಳಿ ಅಭ್ಯಾಸವಾಗಲೆಂದು ಹಾಗೆ ಮಾಡುತ್ತಾರೆ ಎಂದಳು ಅಕ್ಕ. "ನಿಂಗೂ ಅಂಗೆ ಅಭ್ಯಾಸ ಮಾಡ್ಸಿದ್ರೆ ಇವತ್ತು ನೀನೇ ಇರ್ತಿರ್ಲಿಲ್ಲ" ಎಂದು ಅವ್ವ ಪರದೆ ಎಳೆದಳು.

ನನಗೆ ಹಿಡಿಸಿದ್ದು ಒಂದು ಹಲಗೆ. ಅಂಗೈಯಗಲದ ಮರದ ತುಂಡು, ದಾರ ಕಟ್ಟಿ ಎದುರು ಮನೆಯ ಬಾಗಿಲಿಗೆ ನೇತುಹಾಕಿದ್ದರು. ಆ ವಾರ ಮೆಟ್ಟಿಲು ತೊಳೆಯುವ ಸರದಿ ಆ ಮನೆಯದು ಎಂದು ಅರ್ಥ. ಭಾನುವಾರ ಅವರು ಅದನ್ನು ಪಕ್ಕದ ಬಾಗಿಲಿಗೆ ಹಾಕುತ್ತಾರೆ. ಯಾರೂ ಯಾರನ್ನೂ ಕರೆದು ಹೇಳುವುದಿಲ್ಲ.

"ನಮ್ ಬೀದಿ ಆಡಿನ ಕೋಲು!" ಎಂದಳು ಅವ್ವ. ಅದು ನಿಜ. ನಮ್ಮ ಬೀದಿಯಲ್ಲಿ ಮನೆಗೆ ಎರಡೋ ಮೂರೋ ಆಡು. ಎಲ್ಲ ಮನೆಯ ಆಡುಗಳನ್ನೂ ದಿನಕ್ಕೊಂದು ಮನೆಯವರು ಮೇಯಿಸಿಕೊಂಡು ಬರುತ್ತಾರೆ. ಬೆಳಿಗ್ಗೆ ಎದ್ದಾಗ ಯಾರ ಬಾಗಿಲ ಪಕ್ಕ ಬಿದಿರ ಕೋಲು ಒರಗಿದೆಯೋ ಆ ದಿನ ಅವರದು.

ಮಾರ್ಚ್ 9, ಭಾನುವಾರ. ಹೊಗೆ

ಬೆಳಿಗ್ಗೆ 11.10ಕ್ಕೆ ಅವ್ವ ಮಗುವಿಗೆ ಎಣ್ಣೆ ನೀರು ಮುಗಿಸಿದಳು. ಕೆಂಡಕ್ಕೆ ಬದಲು ಕಾದ ಬಾಣಲೆಗೆ ಸಾಂಬ್ರಾಣಿ ಉದುರಿಸಿ, ಮಗುವಿನ ತಲೆಗೆ ಹೊಗೆ ಹಿಡಿದಳು. 11.13ಕ್ಕೆ ಛಾವಣಿಯಲ್ಲಿದ್ದ ಬಿಳಿಯ ಬಟ್ಟಲಿನಂಥದ್ದು ಕಿರುಚಿತು. ಕೆಳಗಿನ ಮನೆಯವರು ಅದನ್ನು ಕೇಳಿ ಮೆಟ್ಟಿಲ ಬಳಿಯ ಬೆಂಕಿ ಗಂಟೆಯ ಗುಂಡಿ ಒತ್ತಿದರು. ಇಡೀ ಕಟ್ಟಡ ಕಿರುಚಲು ಶುರುವಾಯಿತು. 11.20ಕ್ಕೆ ಹತ್ತು ಮನೆಯವರೂ ಕೆಳಗೆ ಅಂಗಳದಲ್ಲಿ, ಬಟ್ಟೆಯ ಚಪ್ಪಲಿಯಲ್ಲಿ. ಅಗ್ನಿಶಾಮಕದವರು ಐದು ಜನ ಐವತ್ತನಾಲ್ಕು ಮೆಟ್ಟಿಲು ಹತ್ತಿ, ಬಾಣಲೆ ನೋಡಿ ಇಳಿದು ಬಂದರು. ಅವರಲ್ಲಿ ಚಿಕ್ಕವನೊಬ್ಬ ಮೂಗೆಳೆದು ಏನೋ ಅಂದ. ಎಲ್ಲರೂ ನಕ್ಕರು.

"ಏನಂತೆ ನಾಗೇಂದ್ರಪ್ಪ?" ಎಂದಳು ಅವ್ವ. ಅವಳ ಮುಖ ಚಿಕ್ಕದಾಗಿತ್ತು.

"ಚರ್ಚ್ ವಾಸ್ನೆ ಬತ್ತಾದೆ ಅಂತವ್ನೆ ಅತ್ತೆ. ಅವ್ರೂ ದೇವ್ರಿಗೆ ಇದ್ನೇ ಆಕದು."

ಅಂಗಳದಲ್ಲಿ ನಮ್ಮ ಹಾಗೆಯೇ ಮಗು ಎತ್ತಿಕೊಂಡಿದ್ದ ಇನ್ನೊಬ್ಬಳಿದ್ದಳು. ಇಪ್ಪತ್ತಾರು ವರ್ಷ ಇರಬಹುದು. ಬರಿಗಾಲು. ಅವ್ವ ತನ್ನ ಶಾಲು ತೆಗೆದು ಅವಳ ತಲೆ, ಕಿವಿ ಸೇರಿಸಿ ಸುತ್ತಿದಳು. ಅವಳೇ ಹಳದಿ ಪರದೆಯ ಕೋಣೆಯವಳು. ಹೆಸರು ಒಲೇನಾ, ಗಡಿಯಾಚೆಯ ಉಕ್ರೇನಿನವಳು. ಯುದ್ಧದಲ್ಲಿ ಅವಳ ಊರಿನ ಮನೆ ಹೋಯಿತು. ಗಂಡ ಸೈನ್ಯದಲ್ಲಿದ್ದಾನೆ. ನವೆಂಬರಿನಲ್ಲಿ ತುಂಬು ಹೊಟ್ಟೆ ಹೊತ್ತು ಈ ಊರಿನ ರೈಲು ನಿಲ್ದಾಣದಲ್ಲಿ ಇಳಿದಳು. ಕಟ್ಟಡದವರು ಚಳಿಗಾಲ ಕಳೆಯುವವರೆಗೆ, ಮಾರ್ಚ್ 31ರವರೆಗೆ ಇರು ಎಂದು ಕೋಣೆ ಕೊಟ್ಟರು. ಫೆಬ್ರವರಿ 21ಕ್ಕೆ ಹೆಣ್ಣು ಮಗು, ಸೋಲೋಮಿಯಾ. ಅವ್ವ ಅಲ್ಲೇ ಅದನ್ನು ಸೋಮಿ ಮಾಡಿದಳು.

"ಅದಿನಾರ್ ದಿನದ ಬಾಣಂತಿ! ಬರಿಗಾಲಲ್ಲಿ! ಇವಳಿಗ್ಯಾರೂ ಇಲ್ವಾ?"

"ಯಾರೂ ಇಲ್ಲ ಅತ್ತೆ."

"ಮಾರ್ಚಿ ಆದ್ಮೇಲೆ?"

ಭಾವ ತಲೆ ಕೆರೆದುಕೊಂಡರು. ರೈಲಿನಲ್ಲಿ ನಾಲ್ಕು ಗಂಟೆ ದೂರದ ನಗರದಲ್ಲಿ ದೊಡ್ಡ ಕೊಟ್ಟಿಗೆಯಂಥ ಸಭಾಂಗಣ ಇದೆಯಂತೆ. ಒಂದರ ಮೇಲೊಂದು ಮಂಚ ಹಾಕಿ ಇನ್ನೂರು ಜನರನ್ನು ಇಟ್ಟಿದ್ದಾರಂತೆ. ಬೇರೆ ಏನೂ ಆಗದಿದ್ದರೆ ಅಲ್ಲಿಗೆ.

ಮಾರ್ಚ್ 10, ಸೋಮವಾರ. ನಾಲ್ಕು ಹೂವು

ಕೆಳಗಿನ ಮನೆಯ ಪಾನಿ ಹಲೀನಾ ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರಮ್ಮ, ಕಟ್ಟಡದ ಸಂಘದ ಅಧ್ಯಕ್ಷೆ. ಹೊಗೆಗೆ ಕ್ಷಮೆ ಕೇಳಲು ನಾಲ್ಕು ಟುಲಿಪ್ ಹೂ ಕೊಂಡು ಹೋದೆ. ಅವರು ಎಣಿಸಿದರು. ಒಂದನ್ನು ತೆಗೆದು ನನ್ನ ಕೈಗೇ ಕೊಟ್ಟು, ಮೂರನ್ನು ನೀರಿಗಿಟ್ಟರು. ಸಮ ಸಂಖ್ಯೆಯ ಹೂವು ಇಲ್ಲಿ ಸಾವಿನ ಮನೆಗೆ. ಮುಯ್ಯಿಗೆ ನೂರರ ಜೊತೆ ಒಂದು ಸೇರಿಸುವ ಊರಿನವಳು ನಾನು, ನನಗೆ ಹೊಳೆಯಬೇಕಿತ್ತು. ನಾಲ್ಕನೆಯದನ್ನು ಒಲೇನಾಗೆ ಕೊಟ್ಟೆ. ಒಂದು ಬೆಸ ಸಂಖ್ಯೆಯೇ.

ಮಾರ್ಚ್ 11ರಿಂದ 19. ಸಬ್ಬಸಿಗೆ

ಈ ಒಂಬತ್ತು ದಿನಗಳಲ್ಲಿ ಅವ್ವ ಐವತ್ತನಾಲ್ಕು ಮೆಟ್ಟಿಲನ್ನು ದಿನಕ್ಕೆ ಎರಡು ಸಲ ಇಳಿದು ಹತ್ತಿದಳು. ಒಂದು ಬಾಣಂತಿಗೆ ಮಾಡಿದ ಮೆಣಸಿನ ಸಾರು ಎರಡು ಬಾಣಂತಿಗಾಯಿತು. ಸಾರು ಕುಡಿದ ಮೊದಲ ದಿನ ಒಲೇನಾಳ ಕಣ್ಣು, ಮೂಗು ಎರಡೂ ಸುರಿದವು. ಅವ್ವ ಅದಕ್ಕೆ ಸಂತೋಷಪಟ್ಟಳು, "ಸೀತ ಇಳೀತಾದೆ" ಎಂದು.

ನಾಲ್ಕನೇ ದಿನ ಒಲೇನಾ ತಾನೇ ಒಂದು ಬಟ್ಟಲು ಆಲೂಗಡ್ಡೆ ಪಲ್ಯ ತಂದಳು. ಮೇಲೆ ಹಸಿರು ಸೊಪ್ಪು ಹೆಚ್ಚಿ ಉದುರಿಸಿದ್ದಳು. ಅವ್ವ ಮೂಸಿ ನೋಡಿ ಕೂಗಿದಳು, "ಲೇ ಸವಿತಾ, ಸಬ್ಸಿಗೆ ಸೊಪ್ಪು ಕಣ್ಲೇ!" ಎದೆಹಾಲಿಗೆ ನಾವು ಕೊಡುವ ಸೊಪ್ಪು! ಇಲ್ಲಿ ಅದನ್ನು ಎಲ್ಲದರ ಮೇಲೂ ಉದುರಿಸುತ್ತಾರೆ, ಅಂಗಡಿಯಲ್ಲಿ ಪುಟ್ಟ ಕುಂಡದಲ್ಲಿ ಮಾರುತ್ತಾರೆ. ಅವ್ವ ಒಂದೇ ಸಲಕ್ಕೆ ಆರು ಕುಂಡ ತರಿಸಿ ಬಸ್ಸಾರು ಮಾಡಿದಳು. ಅಂಗಡಿಯಾಕೆ ನಾವು ಹೋಟೆಲ್ ಇಟ್ಟಿದ್ದೇವೆಯೇ ಎಂದು ಕೇಳಿದಳು.

ಅವ್ವನಿಗೆ ಕನ್ನಡ ಮಾತ್ರ ಬರುತ್ತದೆ. ಅಷ್ಟಿಷ್ಟು ತಮಿಳು, ಅದು ಯಳಂದೂರಿನ ತನ್ನ ತವರು ಬೀದಿಯಲ್ಲಿ ಕಲಿತದ್ದು. ಒಲೇನಾಗೆ ಅವಳ ಭಾಷೆ. ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಏನು ಮಾತಾಡಿದೆ ಎಂದು ಅವ್ವನನ್ನು ಕೇಳಿದರೆ, "ಅವ್ಳ ಗಂಡ ಫೋನ್ ಮಾಡಿ ಐದ್ ದಿನ ಆಯ್ತಂತೆ" ಎನ್ನುತ್ತಿದ್ದಳು. ಭಾವ ವಿಚಾರಿಸಿದರೆ ಅದು ನಿಜವೇ ಆಗಿರುತ್ತಿತ್ತು.

ಮಾರ್ಚ್ 20, ಗುರುವಾರ, ಸಂಜೆ 5.00. ಸಭೆ

ಕಟ್ಟಡದ ವರ್ಷದ ಸಭೆ ಪಾನಿ ಹಲೀನಾ ಅವರ ಹಜಾರದಲ್ಲಿ. ವಿಷಯ ಮೂರು: ಮಾಳಿಗೆ ಸೋರುವುದು, ಅಂಗಳದ ದೀಪ, ನೆಲಮಟ್ಟದ ಕೋಣೆ. ಮನೆಯ ಮಾಲೀಕರಿಗೆ ಮಾತ್ರ ಮತ. ಅಕ್ಕನ ಮನೆಯ ಮಾಲೀಕರು ಪರದೇಶದಲ್ಲಿದ್ದರು, ಹಾಗಾಗಿ ಒಂಬತ್ತು ಮತ. ಬಾಡಿಗೆಯವರು ಕೂತು ಕೇಳಬಹುದು. ಭಾವ, ಅವ್ವ, ನಾನು ಗೋಡೆ ಪಕ್ಕದ ಬೆಂಚಿನಲ್ಲಿ ಕೂತೆವು. ಒಲೇನಾ ಬರಲಿಲ್ಲ. ಮೇಲೆ ಅಕ್ಕನ ಜೊತೆ ಎರಡೂ ಮಕ್ಕಳನ್ನು ನೋಡಿಕೊಂಡು ಕೂತಿದ್ದಳು.

ಒಂದು ಮಾತು ಮೊದಲೇ ಹೇಳಬೇಕು. ಅಲ್ಲಿ ನಡೆದದ್ದೆಲ್ಲ ಪೋಲಿಷ್ ಭಾಷೆಯಲ್ಲಿ. ಭಾವ ಪಿಸುಮಾತಿನಲ್ಲಿ ನಮಗೆ ಹೇಳುತ್ತಿದ್ದರು. ಭಾವ ಹನೂರಿನವರು. ಆದ್ದರಿಂದ ನನ್ನ ದಿನಚರಿಯಲ್ಲಿ ಎಲ್ಲರೂ ಹನೂರಿನ ಕನ್ನಡವನ್ನೇ ಮಾತಾಡಿದ್ದಾರೆ.

ಮಾಳಿಗೆ, ದೀಪ ಅರ್ಧ ಗಂಟೆಯಲ್ಲಿ ಮುಗಿದವು. 5.35ಕ್ಕೆ ಕೋಣೆ.

ಮೊದಲ ಮಹಡಿಯ ಗಡ್ಡದವರು ಎದ್ದರು. "ಆ ಕೋಣೆ ಇರಾದು ಸೈಕಲ್ಗೆ, ಮಕ್ಳ ಗಾಡಿಗೆ. ನಾವೇನ್ ಬ್ಯಾಡ ಅಂದ್ವಾ? ಚಳಿಗಾಲ ಇರ್ಲಿ ಅಂದ್ವಿ, ಇದ್ಲು. ಇನ್ ಮೇಕೆ ಸರ್ಕಾರ ನೋಡ್ಕಬೇಕು. ಯುದ್ಧದ ಇಸ್ಯ ಸರ್ಕಾರದ್ದು, ಮೆಟ್ಲ್ ತೊಳೆಯೋರ್ದಲ್ಲ."

"ಸರ್ಕಾರ ಎಷ್ಟ್ ಅಂತ ನೋಡ್ಕತದೆ?" ಎಂದರು ಅವರ ಎದುರು ಮನೆಯಾಕೆ. "ಗಡಿ ಪಕ್ದಲ್ಲಿದೀವಿ ಅಂತ ಎಲ್ರೂ ನಮ್ ಸ್ಟೇಷನ್ನಲ್ಲೇ ಇಳೀತಾರೆ. ದೂರದಲ್ಲಿರೋ ದೊಡ್ಡ ದೊಡ್ಡ ದೇಸ್ದೋರು ಟೀವೀಲಿ ನೋಡಿ ಅಯ್ಯೋ ಅಂತಾರೆ. ಅವ್ರೂ ಪಾಲು ತಕಳ್ಳಿ."

"ಚರ್ಚ್ನಲ್ಲಿ ಎಷ್ಟೊಂದ್ ಕೋಣೆ ಬಿದ್ದವೆ!"

"ಯುದ್ಧ ಸುರು ಮಾಡ್ದೋನು ಕಟ್ಕೊಡ್ಲಿ ಮನೆಯಾ."

"ಅಂವ ಬಂದು ನಿಂಗೆ ಕೀ ಕೊಡ್ತಾನೆ, ಕಾಯ್ತಾ ಇರು!"

ನಾನು ಡೈರಿಯಲ್ಲಿ ಮಾಡುವಂತೆ ಗೆರೆ ಹಾಕುತ್ತಾ ಹೋದೆ. ಸರ್ಕಾರ, ಮೂರು. ದೊಡ್ಡ ದೇಶಗಳು, ಎರಡು. ಚರ್ಚು, ಒಂದು. ಯುದ್ಧ ಶುರು ಮಾಡಿದವನು, ಒಂದು. ಅಧ್ಯಕ್ಷೆ ಏನೂ ಹೇಳಲಿಲ್ಲ. ಒಂದು ನಗೆಯ ವಿಷಯವೆಂದರೆ, ಒಬ್ಬರೂ ಒಲೇನಾ ಹೋಗಲಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಅವಳನ್ನು ನೋಡಿಕೊಳ್ಳಬೇಕು ಎಂದೇ ಹೇಳಿದರು. ನೋಡಿಕೊಳ್ಳುವವರು ಮಾತ್ರ ಆ ಹಜಾರದಲ್ಲಿ ಇರಲಿಲ್ಲ.

ಎಂಟನೆಯವರು ನಾಲ್ಕನೇ ಮಹಡಿಯ ಪಾನ್ ಮಾರೆಕ್, ನಿವೃತ್ತ ಬಡಗಿ. ಅಷ್ಟು ಹೊತ್ತೂ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಾ ಕೂತಿದ್ದರು. ಏಳಲಿಲ್ಲ, ಕೂತೇ ಮಾತಾಡಿದರು.

"ಯುದ್ಧ ಸುರುವಾದ ತಿಂಗ್ಳು ನಾನು ಐದ್ ಜನವ ಕರ್ಕಬಂದೆ. ನಂಗಿರೋದು ಎರಡ್ ಕೋಣೆ. ಎಂಟು ತಿಂಗ್ಳು ಅಡ್ಗೆಮನೆ ನೆಲ್ದಲ್ಲಿ ಮಲ್ಗಿದ್ದೆ. ಒಳ್ಳೆ ಜನ. ನಂಗೇನೂ ಬ್ಯಾಸ್ರ ಇಲ್ಲ. ಆದ್ರೆ ಆ ಎಂಟು ತಿಂಗ್ಳಲ್ಲಿ ನೀವೆಲ್ಲ ಮೆಟ್ಲಲ್ಲಿ ಸಿಕ್ದಾಗ, ಮಾರೆಕ್ಕು, ನೀನ್ ದೇವ್ರಂತೋನು ಅಂದ್ರಿ. ಒಬ್ರಾರ, ಈ ವಾರ ನಾವ್ ನೋಡ್ಕತೀವಿ, ನೀನ್ ಮಲಕ್ಕೊ ಅಂದ್ರಾ? ನಾನ್ ಒಂದ್ಸಲ ಬಾರ ಒತ್ತಿದೀನಿ. ಇನ್ ನನ್ನ ಕೇಳ್ಬ್ಯಾಡಿ."

ಗಡ್ಡದವರು ಚಹಾ ಲೋಟದೊಳಗೆ ನೋಡತೊಡಗಿದರು. ಪಾನ್ ಮಾರೆಕ್ ಅವರನ್ನು ಯಾವ ಕಾಲಮ್ಮಿಗೆ ಬರೆಯಬೇಕೋ ನನಗೆ ತಿಳಿಯಲಿಲ್ಲ.

ಆಗ ಅವ್ವ ಎದ್ದು ನಿಂತಳು. ನಾನು ಸೆರಗು ಹಿಡಿದು ಎಳೆದೆ. "ಕೂತ್ಕ ಅವ್ವ, ನಮ್ಗೆ ಮತ ಇಲ್ಲ."

"ಮತ ಇಲ್ದಿದ್ರೆ ಬಾಯೂ ಇಲ್ವಾ? ನಾಗೇಂದ್ರಪ್ಪ, ನಾನ್ ಏಳಿದ್ದ ಏಳು." ಅವಳು ನೇರ ಪಾನ್ ಮಾರೆಕ್ ಅವರನ್ನು ನೋಡಿ ಹೇಳಿದಳು. "ಅಣ್ಣಾ, ನೀವೇಳಿದ್ ಸರ್ಯಾಗದೆ. ಒಂದೇ ಮನೆ ಬಾಗ್ಲಲ್ಲಿ ಕೋಲು ನಿಂತೋದ್ರೆ ಆ ಮನೆಯೋನು ಸಾಯ್ತಾನೆ. ನಮ್ ಬೀದಿ ಆಡ ನೀನೊಬ್ಳೇ ವರ್ಸ ಪೂರ್ತಿ ಮೇಯ್ಸು ಅಂದ್ರೆ ನಾನೂ ಒಲ್ಲೆ ಅಂತೀನಿ. ಯಾರ್ ಜವಾಬ್ದಾರಿ ಅಂತ ಆಮೇಲ್ ಕೇಳ್ಕಳಿ, ಸರ್ಕಾರಕ್ಕೂ ಬರೀರಿ. ನಾಳಿಕ್ ಬೆಳಿಗ್ಗೆ ಅವಳಿಗ್ ಬಿಸ್ನೀರ್ ಕಾಯ್ಸೋರು ಯಾರು, ಅದ ಈಗೇಳಿ. ಬಾಣಂತನ ಅಂದ್ರೆ ಜೀವ್ಮಾನ ಅಲ್ಲ. ಮೂರ್ ತಿಂಗ್ಳು. ಆಮೇಲೆ ಅವ್ಳೇ ಎದ್ದು ನಡೀತಾಳೆ."

ಭಾವ ಇದನ್ನು ಹೇಳಲು ಬಹಳ ಹೊತ್ತು ತೆಗೆದುಕೊಂಡರು. ಕೋಲು, ಆಡು ಎಲ್ಲವನ್ನೂ ವಿವರಿಸಿರಬೇಕು. ಒಂದಿಬ್ಬರು ನಕ್ಕರು. ಪಾನಿ ಹಲೀನಾ ನಗಲಿಲ್ಲ. "ಮೂರ್ ತಿಂಗ್ಳು ಅಂದ್ರೆ ಯಾವತ್ಗೆ ಮುಗೀತದೆ?" ಎಂದು ಕೇಳಿದರು.

ಇದಕ್ಕೆ ಉತ್ತರ ನನ್ನ ಪುಸ್ತಕದಲ್ಲಿತ್ತು. ಸೋಮಿ ಹುಟ್ಟಿದ್ದು ಫೆಬ್ರವರಿ 21. ಮೂರು ತಿಂಗಳೆಂದರೆ ಮೇ ತಿಂಗಳ ಕೊನೆಯ ವಾರಗಳು. ಮುಂದಿನ ಭಾನುವಾರ, ಮಾರ್ಚ್ 23ರಿಂದ ಜೂನ್ 1ರ ಭಾನುವಾರಕ್ಕೆ ಎಷ್ಟು ವಾರ ಎಂದು ಎಣಿಸಿದೆ. ಹತ್ತು. ಇನ್ನೊಮ್ಮೆ ಎಣಿಸಿದೆ. ಹತ್ತೇ. ಕಟ್ಟಡಕ್ಕೆ ಬಾಗಿಲೂ ಹತ್ತು. ಎದ್ದು ಹೋಗಿ ಪುಸ್ತಕವನ್ನು ಅವರ ಮುಂದೆ ಇಟ್ಟೆ. ಪಾನಿ ಹಲೀನಾ ಕನ್ನಡಕ ಏರಿಸಿ, ತಮ್ಮ ಬೆರಳು ಮಡಿಸಿ ತಾವೂ ಎಣಿಸಿದರು.

"ಮನೆಗೊಂದ್ ವಾರ" ಎಂದರು. "ದಿನಕ್ಕೊಂದ್ ಬಿಸಿ ಊಟ. ಅವ್ಳು ಮಲಗೋಕೆ ಒಂದ್ ಗಂಟೆ ಮಗೀನ ಎತ್ಕಳದು. ಆಸ್ಪತ್ರೆಗೋ ಕಚೇರಿಗೋ ಓದ್ರೆ ಜೊತೆಗೋಗದು. ಅಷ್ಟೇ."

"ಸೈಕಲ್ಲು?" ಎಂದರು ಗಡ್ಡದವರು.

"ಜೂನ್ವರೆಗೆ ನನ್ನ ನೆಲಮಾಳಿಗೆಲಿ ನಿಲ್ಸು. ಮೇಷ್ಟ್ರಮ್ಮ ಕದಿಯಲ್ಲ."

ಯಾರು ಮೊದಲು ಎಂಬ ಪ್ರಶ್ನೆ ಬಂತು. ಅದಕ್ಕೆ ಅವ್ವ ಕಾದಿದ್ದಳು. "ಮೊದ್ಲ ವಾರ ನಮ್ದು" ಎಂದಳು. ಈ ಮಾತಿಗೆ ಅನುವಾದ ಬೇಕಾಗಲಿಲ್ಲ. ಬೆರಳು ತೋರಿಸಿದ್ದು ಸಾಕಾಯಿತು.

ಮತ: ಪರ ಆರು, ವಿರುದ್ಧ ಒಂದು, ಸುಮ್ಮನಿದ್ದವರು ಇಬ್ಬರು. ಸುಮ್ಮನಿದ್ದವರಲ್ಲಿ ಪಾನ್ ಮಾರೆಕ್ ಒಬ್ಬರು. ಎಲ್ಲ ಮುಗಿದ ಮೇಲೆ ಟೋಪಿ ಹಾಕಿಕೊಂಡು ಎದ್ದು, "ಸರ್ದಿ ಅಲ್ಗೆ ನಾನ್ ಮಾಡ್ಕೊಡ್ತೀನಿ. ನನ್ ವಾರ ಕೊನೇಗಾಕಿ" ಎಂದು ಹೊರಟರು. ಸಮಯ 6.50.

ಮೇಲೆ ಬಂದು ಹೇಳಿದಾಗ ಒಲೇನಾ ಅಳಲಿಲ್ಲ. ನನ್ನ ಪುಸ್ತಕ ಕೇಳಿ ತೆಗೆದುಕೊಂಡು, ಹತ್ತು ವಾರಗಳ ಮೇಲೆ ಒಂದೊಂದಾಗಿ ಬೆರಳು ಇಟ್ಟಳು. ಆಮೇಲೆ ಸೋಮಿಯನ್ನು ಅವ್ವನ ಮಡಿಲಿಗೆ ಹಾಕಿ, ಅಕ್ಕನ ಮಂಚದ ತುದಿಯಲ್ಲಿಯೇ ಮಲಗಿ ನಿದ್ದೆಹೋದಳು.

ಮಾರ್ಚ್ 23ರಿಂದ ಮೇ 18. ಎಂಟು ವಾರಗಳ ಲೆಕ್ಕ

ಪಾನ್ ಮಾರೆಕ್ ಮಾಡಿದ ಹಲಗೆ ಮೆಟ್ಟಿಲಿನ ಹಲಗೆಗಿಂತ ನುಣುಪಾಗಿತ್ತು. ಭಾನುವಾರ ಅದು ಅಕ್ಕನ ಬಾಗಿಲಿಗೆ ಬಂತು. ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಮುಂದೆ ಅದು ಹೋದ ಬಾಗಿಲಿನಲ್ಲೆಲ್ಲ ಅರಿಶಿನ ಕುಂಕುಮದ ಜೊತೆಗೇ ಹೋಯಿತು, ಒಬ್ಬರೂ ಒರೆಸಲಿಲ್ಲ.

ಎರಡನೇ ವಾರ ಪಾನಿ ಹಲೀನಾ. ಊಟಕ್ಕಿಂತ ಹೆಚ್ಚು ವ್ಯಾಕರಣ ಕೊಟ್ಟರು. ಒಲೇನಾ ಪೋಲಿಷಿನಲ್ಲಿ ಹನ್ನೊಂದು ತಪ್ಪು ಮಾಡುವುದನ್ನು ನಿಲ್ಲಿಸಿದಳಂತೆ. ಮೂರನೇ ವಾರದ ಮನೆಯವರು ಬುಧವಾರ ಮರೆತರು. ಯಾರು ಏನಂದರೋ ತಿಳಿಯದು, ಗುರುವಾರ ಎರಡು ಊಟ ಬಂತು. ಸಭೆಯಲ್ಲಿ ವಿರುದ್ಧ ಕೈ ಎತ್ತಿದಾಕೆಯ ವಾರ ಐದನೆಯದು. ಎಲ್ಲ ವಾರಗಳಲ್ಲಿ ಅತ್ಯುತ್ತಮ ಬೀಟ್‌ರೂಟ್ ಸಾರು ಅವರದು ಎಂದು ಒಲೇನಾಳೇ ಹೇಳಿದಳು. ಮುಖ ಮಾತ್ರ ಏಳು ದಿನವೂ ಗಂಟು ಹಾಕಿಕೊಂಡೇ ತಂದುಕೊಟ್ಟರು. ಆರನೇ ವಾರ ಗಡ್ಡದವರು ಮಗು ಎತ್ತಿಕೊಂಡು ಅಂಗಳದಲ್ಲಿ ತಿರುಗಿದರು. ಅವ್ವ ಕಿಟಕಿ ತೆಗೆದು, "ಟೋಪಿ! ಟೋಪಿ!" ಎಂದು ಕೂಗಿದಳು. ಅವರು ಹೆದರಿ ತಮ್ಮ ಟೋಪಿಯನ್ನೇ ಮಗುವಿಗೆ ಹಾಕಿದರು.

ಒಲೇನಾಳ ಗಂಡ ಈ ಎಂಟು ವಾರಗಳಲ್ಲಿ ಹದಿನೇಳು ಸಲ ಫೋನ್ ಮಾಡಿದ. ಫೋನ್ ಬಂದ ದಿನ ಹಳದಿ ಪರದೆ ಬೇಗ ಸರಿಯುತ್ತಿತ್ತು. ಬಾರದ ದಿನಗಳಲ್ಲಿ ಹಲಗೆಯವರು ಒಂದು ಗಂಟೆಯ ಬದಲು ಎರಡು ಗಂಟೆ ಕೂತು ಬರುತ್ತಿದ್ದರು. ಹಾಗೆಂದು ಸಭೆಯಲ್ಲಿ ಯಾರೂ ತೀರ್ಮಾನಿಸಿರಲಿಲ್ಲ.

ಮೇ 20, ಮಂಗಳವಾರ. ಐವತ್ತನಾಲ್ಕು ಮೆಟ್ಟಿಲು, ಕೊನೆಯ ಸಲ

ನಾವು ಹೊರಟ ಬೆಳಿಗ್ಗೆ ಪಾನ್ ಮಾರೆಕ್ ನಮ್ಮ ಚೀಲ ಹೊತ್ತು ಕೆಳಗಿಳಿದರು. ನಾಲ್ಕು ಚೀಲ ಬಂದಿದ್ದವು, ಹೋಗುವಾಗ ಎರಡೇ. ಅಂಗಳದಲ್ಲಿ ಭಾವನ ಮೂಲಕ ನನ್ನನ್ನು ಕೇಳಿದರು.

"ನಿಮ್ ಕಡೀಕೂ ಇಂಗೆ ಊರ್ ಬುಟ್ ಬಂದೋರು ಅವ್ರಾ?"

"ಇದ್ದಾರೆ" ಎಂದೆ. ಹನೂರಿನ ಆಚೆ ಒಡೆಯರಪಾಳ್ಯದಲ್ಲಿ ಟಿಬೆಟಿನವರ ಊರುಗಳಿವೆ, ನನ್ನ ಅಜ್ಜಿಯ ಕಾಲದಲ್ಲಿ ಬಂದವರು, ಜೋಳ ಬೆಳೆಯುತ್ತಾರೆ, ಅವರ ಹೋಟೆಲಿನಲ್ಲಿ ನಾನು ಎಷ್ಟೋ ಸಲ ಮೊಮೊ ತಿಂದಿದ್ದೇನೆ ಎಂದೆ.

"ಬಂದಾಗ ಅವ್ರನ್ನ ಯಾರ್ ನೋಡ್ಕಂಡ್ರು?"

"ಸರ್ಕಾರ ಜಮೀನು ಕೊಟ್ಟಿತು."

ಪಾನ್ ಮಾರೆಕ್ ನಕ್ಕರು. ನಗು ಒರಟಾಗಿರಲಿಲ್ಲ. "ಅದಲ್ಲ ಕಣವ್ವ. ಮೊದ್ಲ ವಾರ ಯಾರ್ದು?"

ನನಗೆ ಗೊತ್ತಿರಲಿಲ್ಲ. ಆ ಸಂಜೆಯ ಸಭೆಯಲ್ಲಿ ನಾನೂ ಮಾತಾಡಿದ್ದರೆ ಸರ್ಕಾರದ ಕಾಲಮ್ಮಿನಲ್ಲಿ ನಾಲ್ಕನೇ ಗೆರೆ ನನ್ನದೇ ಆಗುತ್ತಿತ್ತು. ತಿಳಿದುಕೊಂಡು ಬರೆಯುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ.

ಜೂನ್ 1, ಭಾನುವಾರ. ಧನಗೆರೆ, ಫೋನು

ಅಕ್ಕ ಮಾಡಿದ್ದಳು. ಕೊನೆಯ ವಾರ ಪಾನ್ ಮಾರೆಕ್ ಏಳೂ ದಿನ ಬೇಯಿಸಿದರಂತೆ, ಏಳೂ ದಿನ ಆಲೂಗಡ್ಡೆಯೇ. ಒಲೇನಾಗೆ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಕೆಲಸ ಹೇಳಿದ್ದಾರೆ. ಕೋಣೆಯ ಮಾತು ಯಾರೂ ಎತ್ತಲಿಲ್ಲ.

"ಮತ್ತೆ ಅಲ್ಗೆ?" ಎಂದೆ.

"ಅದೇ ಕಣೆ ಏಳಾಕ್ ಬಂದೆ. ಇವತ್ ಬೆಳಿಗ್ಗೆ ಬಾಗ್ಲು ತೆಗೆದ್ರೆ ನಮ್ ಬಾಗ್ಲಲ್ಲಿ ನೇತಾಡ್ತಾ ಅದೆ. ಮಾರೆಕ್ ತಾತ ತಂದಾಕ್ಬುಟ್ಟವ್ರೆ. ಎರಡ್ನೇ ಸುತ್ತು."

ಜೂನ್ 8, ಭಾನುವಾರ, ಬೆಳಿಗ್ಗೆ 10.45. ಒಡೆಯರಪಾಳ್ಯ

ಹನೂರಿನಿಂದ ಬಸ್ಸು ಹಿಡಿದು ಹೋದೆ. ಅಂಗಡಿಗಳಲ್ಲಿ ಕೇಳಿದೆ. ಆರು ಜನ ಸರ್ಕಾರ ಎಂದರು. ಏಳನೆಯವರು ಜೋಳದ ಹೊಲದ ಬದಿಯಲ್ಲಿ ಜಪಮಣಿ ಎಣಿಸುತ್ತಾ ಕೂತಿದ್ದ ಟಿಬೆಟಿನ ಒಬ್ಬ ತಾತ. ಹಲ್ಲಿಲ್ಲ. ಕನ್ನಡವೂ ತಮಿಳೂ ಕಲೆತ ಮಾತು. ನನ್ನ ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡರು.

"ಸರ್ಕಾರ ಅಕ್ಕಿ ಕೊಡ್ತು, ಟೆಂಟು ಕೊಡ್ತು. ಅದು ಆಮೇಲೆ" ಎಂದರು. "ಮೂರ್ನೇ ದಿವ್ಸ. ಮಳೆ. ಸೌದೆ ಎಲ್ಲಾ ನೆಂದೋಯ್ತು, ಒಲೆ ಇಲ್ಲ. ಒಂದಮ್ಮ ಬಂದ್ಳು. ತಲೆ ಮೇಲೆ ಕುಕ್ಕೆ. ಒಳಗೆ ಕಪ್ ಕಪ್ ಉಂಡೆ, ಬಿಸಿ. ನಾವು ಕಚ್ಚಿ ಅಗ್ದೋ. ಹಲ್ಲಿಗೆಲ್ಲಾ ಅಂಟ್ಕೊಳ್ತು. ನಮ್ಮಮ್ಮ ಇದು ಮಣ್ಣು ಅಂದ್ಳು." ಅವರು ನಗತೊಡಗಿದರು, ಮಣಿ ಎಣಿಸುವುದು ನಿಂತಿತು. "ಆಯಮ್ಮ ಏನ್ ನಕ್ಳು! ನಮ್ ಪಕ್ಕ ಕೂತಳು. ಬೆರಳಲ್ಲಿ ಮುರ್ದು, ಸಾರಲ್ಲಿ ಅದ್ದಿ, ಗುಳುಕ್. ನುಂಗೋದ್ ತೋರ್ಸ್ದಳು. ಮಳೆ ನಿಲ್ಲೋವರ್ಗೂ ದಿನಾ ಬಂದ್ಳು."

"ಹೆಸರೇನು ತಾತ? ಯಾವೂರು?"

"ಅವ್ಳಿಗೆ ನಮ್ ಮಾತಿಲ್ಲ, ನಮ್ಗೆ ಅವಳ್ದಿಲ್ಲ. ಹೆಸ್ರು ಎಂಗ್ ಕೇಳೋದು? ಆ ಕಡೆಯಿಂದ ಬರ್ತಿದ್ಳು." ಕೌದಳ್ಳಿಯ ದಿಕ್ಕಿಗೆ ಕೈ ತೋರಿಸಿದರು. "ಕೈ ಮೇಲೆ ಚೇಳಿನ ಹಚ್ಚೆ ಇತ್ತು. ಇಲ್ಲಿ."

ಅವರು ತಮ್ಮ ಎಡ ಮುಂಗೈ ಮುಟ್ಟಿಕೊಂಡರು. ನಾನು ಬರೆದುಕೊಂಡೆ.

ಕೌದಳ್ಳಿ, ಹನೂರು, ಕೊಳ್ಳೇಗಾಲ, ಯಳಂದೂರಿನ ಕಡೆಯ ಓದುಗರೇ, ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ವಿಚಾರಿಸಿ. ಎಡ ಮುಂಗೈಯಲ್ಲಿ ಚೇಳಿನ ಹಚ್ಚೆ ಇದ್ದ, ಮಳೆಯಲ್ಲಿ ಕುಕ್ಕೆ ಹೊತ್ತು ಒಡೆಯರಪಾಳ್ಯದ ಟಿಬೆಟಿನವರಿಗೆ ಮುದ್ದೆ ಕೊಂಡು ಹೋಗುತ್ತಿದ್ದ ಹೆಂಗಸು ಯಾರ ಅಜ್ಜಿ, ಯಾರ ಅತ್ತೆ? ಅವರ ಹೆಸರು ತಿಳಿದವರು, ಅವರ ಜೊತೆ ಬೇರೆ ಯಾರಾದರೂ ಹೋಗುತ್ತಿದ್ದರೆ ಅವರ ಹೆಸರೂ ಸೇರಿಸಿ, ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಪೋಲೆಂಡಿನ ಒಬ್ಬ ಬಡಗಿಗೆ ಉತ್ತರ ಬರೆಯಲು ಕೂತಿದ್ದೇನೆ. ಮೊದಲ ವಾರದ ಎದುರಿಗೆ ಜಾಗ ಬಿಟ್ಟಿದ್ದೇನೆ.